ಹಳೆ ಸ್ಪೋರ್ಟ್ಸ್ ಕಾರಿನ ಸಣ್ಣ ರಗಳೆಗಳು: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಶಾರ್ಜಾದ ಸೂಕ್ ಅಲ್ ಹರಾಜ್‌ನಲ್ಲೋ ದುಬೈನ ರಾಸ್ ಅಲ್ ಖೋರ್ ಕಾರು ಮಾರುಕಟ್ಟೆಯಲ್ಲೋ ಒಂದು ಸಂಜೆ ಸುತ್ತು ಹಾಕಿ ನೋಡಿ. ಊರಲ್ಲಿದ್ದಾಗ ಪೋಸ್ಟರಿನಲ್ಲಷ್ಟೇ ನೋಡಿದ್ದ ಮಸ್ಟಾಂಗ್, ನಿಸ್ಸಾನ್ ಝೆಡ್, ಪೋರ್ಶ ಬಾಕ್ಸ್‌ಸ್ಟರ್‌ಗಳು ಹೊಸ ಕೊರೊಲ್ಲಾದ ರೇಟಿಗೆ, ಕೆಲವು ಅದಕ್ಕಿಂತಲೂ ಕಮ್ಮಿಗೆ ನಿಂತಿರುತ್ತವೆ. ಸಂಬಳ ಒಂದಿಷ್ಟು ಏರಿತು, ಲೈಸನ್ಸ್ ಕೈಗೆ ಬಂತು ಅಂದ ಕೂಡಲೇ ನಮ್ಮ ಹುಡುಗರ ಕಣ್ಣು ಅತ್ತ ಹೋಗುವುದು ಸಹಜ. ತಪ್ಪೇನಲ್ಲ.

ಹೀಗೆ ಕೊಂಡವರನ್ನು ಮಾತಾಡಿಸಿದರೆ ಒಂದು ಸಂಗತಿ ಮತ್ತೆ ಮತ್ತೆ ಸಿಗುತ್ತದೆ. ಕೈ ಸುಟ್ಟುಕೊಂಡವರ ಕಾರು ಸಾಮಾನ್ಯವಾಗಿ ಒಂದೇ ದಿನದಲ್ಲಿ ಕೈಕೊಟ್ಟದ್ದಲ್ಲ. ತಿಂಗಳುಗಟ್ಟಲೆ ಸಣ್ಣಪುಟ್ಟ ಸೂಚನೆ ಕೊಡ್ತಾನೇ ಇತ್ತು, ಇವರಿಗೆ ಅದರ ಭಾಷೆ ಗೊತ್ತಿರಲಿಲ್ಲ. ಇನ್ನು ಕೆಲವರು ಏನೂ ಅಲ್ಲದ ಸದ್ದಿಗೆ ಮಂಡೆಬೆಚ್ಚ ಮಾಡ್ಕೊಂಡು ಗ್ಯಾರೇಜಿಗೆ ದುಡ್ಡು ಸುರಿದರು. ಇಲ್ಲಿ ಹೆಚ್ಚಾಗಿ ಕಾಣಸಿಗುವ ನಾಲ್ಕು ಕಾರುಗಳನ್ನು ಹಿಡಿದು, ಯಾವ ದೋಷ ಸಣ್ಣದು, ಯಾವುದು ಸಣ್ಣದರಂತೆ ಕಂಡರೂ ಸಣ್ಣದಲ್ಲ ಅಂತ ನೋಡೋಣ.

ಮೊದಲ ವೈರಿ ಬಿಸಿಲು

ಇಲ್ಲಿನ ಬೇಸಿಗೆಗೆ ಎಂಜಿನ್ನಿನ ಲೋಹ ಸುಲಭಕ್ಕೆ ಸೋಲುವುದಿಲ್ಲ. ಸೋಲುವುದು ರಬ್ಬರು, ಪ್ಲಾಸ್ಟಿಕ್ಕು, ಅಂಟು. ರೇಡಿಯೇಟರ್ ಪೈಪು ಗಟ್ಟಿಯಾಗಿ ಬಿರಿಯುತ್ತದೆ, ಎಂಜಿನ್ನಿನಡಿಯ ರಬ್ಬರ್ ಮೌಂಟ್ ಕುಸಿಯುತ್ತದೆ, ಬಾಗಿಲಿನ ಬೀಡಿಂಗ್ ಒಣಗಿ ಗಾಳಿಯ ಸದ್ದು ಶುರುವಾಗುತ್ತದೆ, ಡ್ಯಾಶ್‌ಬೋರ್ಡ್ ಸೀಳು ಬಿಡುತ್ತದೆ. ಹಾಗಾಗಿ ಮೀಟರಿನಲ್ಲಿ ಕಿಲೋಮೀಟರ್ ಕಮ್ಮಿ ಇದೆ ಅನ್ನೋದಕ್ಕೆ ಇಲ್ಲಿ ಊರಿನಷ್ಟು ಬೆಲೆ ಇಲ್ಲ. ಐದಾರು ವರ್ಷ ಬಯಲಲ್ಲಿ ನಿಂತು 40 ಸಾವಿರ ಓಡಿದ ಗಾಡಿಗಿಂತ, ಬೇಸ್‌ಮೆಂಟಿನಲ್ಲಿ ನಿಂತು ದಿನಾ ಓಡಿ ಒಂದು ಲಕ್ಷ ದಾಟಿದ ಗಾಡಿಯನ್ನೇ ನಾನು ಆರಿಸುತ್ತೇನೆ.

ಬ್ಯಾಟರಿ ಇಲ್ಲಿ ಎರಡು ಬೇಸಿಗೆ ಕಂಡರೆ ಪುಣ್ಯ. ಕರೆಂಟು ಕಮ್ಮಿಯಾದಾಗ ಈ ಕಾರುಗಳ ಕಂಪ್ಯೂಟರು ತಲೆಕೆಟ್ಟವರಂತೆ ಆಡುತ್ತದೆ. ಎಬಿಎಸ್, ಟ್ರ್ಯಾಕ್ಷನ್, ಸ್ಟೀರಿಂಗ್ ಲೈಟುಗಳು ಒಟ್ಟೊಟ್ಟಿಗೆ ಹತ್ತಿಕೊಂಡರೆ ಸೆನ್ಸರ್ ಬದಲಿಸಲು ಓಡಬೇಡಿ, ಮೊದಲು ಬ್ಯಾಟರಿ ಟೆಸ್ಟ್ ಮಾಡಿಸಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ನಿಸ್ಸಾನ್ 350 ಝೆಡ್, 370 ಝೆಡ್

ಗಲ್ಫಿನಲ್ಲಿ ಅತಿ ಹೆಚ್ಚು ಕೈ ಬದಲಾಯಿಸುವ ಸ್ಪೋರ್ಟ್ಸ್ ಕಾರುಗಳಲ್ಲಿ ಇವೂ ಸೇರಿವೆ. 350 ಝೆಡ್ 2002ರಲ್ಲಿ ಬಂತು, 2008ರ ಕೊನೆಗೆ ಅದರ ಜಾಗಕ್ಕೆ 3.7 ಲೀಟರ್ ವಿ6 ಎಂಜಿನ್ನಿನ 370 ಝೆಡ್ ಬಂತು. ಎರಡೂ ಗಟ್ಟಿ ಗಾಡಿಗಳು, ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ಕೈಹಾಕಬಲ್ಲ ಮೆಕ್ಯಾನಿಕ್ಕುಗಳೂ ಇದ್ದಾರೆ.

350ರಲ್ಲಿ ಕಿಟಕಿ ಏರಿಸಿಳಿಸುವ ಮೋಟಾರು ಸೋಲುವುದು ಪ್ರಸಿದ್ಧ. ಗಾಜು ನಿಧಾನಕ್ಕೆ ಏರಿದರೆ ರೇಟಿನಲ್ಲಿ ಒಂದಿಷ್ಟು ಇಳಿಸಿ ಅಂತ ಕೇಳಿ, ಅಷ್ಟೇ. ಆದರೆ 2005-06ರ ಸುಮಾರಿಗೆ ಮ್ಯಾನುಯಲ್ ಕಾರುಗಳಿಗೆ ಕೊಟ್ಟ, 300 ಕುದುರೆ ಶಕ್ತಿಯ ಎಂಜಿನ್ ಆಯಿಲ್ ಕುಡಿಯುವ ಚಟದ್ದು. ಆಯಿಲ್ ಕಡ್ಡಿ ನೋಡದೆ ಓಡಿಸುವವರಿಗೆ ಅದು ಹೇಳಿದ್ದಲ್ಲ.

370ರಲ್ಲಿ ಮುಖ್ಯವಾಗಿ ಗಮನಿಸಬೇಕಾದ್ದು ನಾಲ್ಕು. ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಒಳಗೇ ಕೂತಿದೆ. ಬಿಸಿಗೆ ಅದರ ಸೀಲು ಹೋದರೆ ಪೆಡಲ್ ನೆಲಕ್ಕಂಟಿ ಮೇಲೇಳುವುದಿಲ್ಲ. ಭಾಗ ಅಂಗೈಯಗಲದ್ದು, ಬದಲಿಸಲು ಇಡೀ ಗೇರ್‌ಬಾಕ್ಸ್ ಇಳಿಸಬೇಕು. ನೋಡಲು ಹೋದಾಗ ಕ್ಲಚ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆಯಿರಿ. ಆಯಿಲ್ ಕಪ್ಪಾಗಿದ್ದರೆ ಸೂಚನೆ ಸಿಕ್ಕಿತು. ಎರಡನೆಯದು ಎಲೆಕ್ಟ್ರಾನಿಕ್ ಸ್ಟೀರಿಂಗ್ ಲಾಕ್. ಮೊದಲ ವರ್ಷಗಳ ಕಾರುಗಳಲ್ಲಿ ಇದು ಕೈಕೊಟ್ಟು, ಬಟನ್ ಎಷ್ಟು ಒತ್ತಿದರೂ ಸ್ಟಾರ್ಟ್ ಆಗದೆ ಮಾಲೀಕರು ಪಾರ್ಕಿಂಗಿನಲ್ಲೇ ಬಾಕಿಯಾದದ್ದುಂಟು. ಹಿಂದಿನವರು ಅದನ್ನು ಸರಿಮಾಡಿಸಿದ್ದಾರಾ ಅಂತ ಕೇಳಿಯೇ ಮುಂದುವರಿಯಿರಿ.

ಮೂರನೆಯದು ಆಯಿಲ್ಲಿನ ಬಿಸಿ. ಆರಂಭದ 370ಗಳಿಗೆ ಆಯಿಲ್ ಕೂಲರ್ ಇರಲಿಲ್ಲ. ಜೋರಾಗಿ ಓಡಿಸುತ್ತಾ ಹೋದರೆ ಆಯಿಲ್ ಮಿತಿ ಮೀರಿ ಕಾಯ್ದು, ಎಂಜಿನ್ ತನ್ನನ್ನು ತಾನು ಉಳಿಸಿಕೊಳ್ಳಲು ಶಕ್ತಿ ಇಳಿಸಿಬಿಡುತ್ತದೆ. ಅಮೆರಿಕದಲ್ಲೇ ಟ್ರ್ಯಾಕ್ ಮೇಲೆ ಹೀಗಾದದ್ದು ವರದಿಯಾಗಿತ್ತು. ಆಗಸ್ಟ್ ತಿಂಗಳಲ್ಲಿ ಜಬೆಲ್ ಜೈಸ್ ಹತ್ತಿಸುವ ಆಸೆ ಇರುವವರು ನೆನಪಿಡಿ. ನಾಲ್ಕನೆಯದೇ ನಿಜಕ್ಕೂ ದೊಡ್ಡದು, ಆದರೆ ಅದರ ಸೂಚನೆ ತೀರ ಸಣ್ಣದು. ಎಂಜಿನ್ನಿನ ಮುಂಭಾಗದ ಕವರಿನ ಹಿಂದೆ, ಆಯಿಲ್ ಹರಿಯುವ ದಾರಿಗೆ ಕಾಗದದಂಥ ಗ್ಯಾಸ್ಕೆಟ್ ಹಾಕಿದ್ದಾರೆ. ಅದು ಹರಿದರೆ ಆಯಿಲ್ ಒತ್ತಡ ಇಳಿಯುತ್ತದೆ. ಹೊರಗೆ ಸೋರುವುದಿಲ್ಲ, ನೆಲದಲ್ಲಿ ಕಲೆ ಬೀಳುವುದಿಲ್ಲ. ಎಂಜಿನ್ ಚೆನ್ನಾಗಿ ಕಾಯ್ದ ಮೇಲೆ ನಿಂತಲ್ಲೇ ಓಡಲು ಬಿಟ್ಟು ಒತ್ತಡ ಅಳೆಯಬೇಕು. ಬರಬೇಕಾದಷ್ಟು ಬರದಿದ್ದರೆ ಬಣ್ಣ ಎಷ್ಟೇ ಹೊಳೆಯಲಿ, ಬೀಗದ ಕೈ ವಾಪಸ್ ಕೊಟ್ಟು ಬನ್ನಿ.

ಮಸ್ಟಾಂಗ್: ಕಾರಿಗಿಂತ ಅದರ ಜಾತಕ ಮುಖ್ಯ

2015ರಿಂದ 2023ರ ತನಕ ಬಂದ ಮಸ್ಟಾಂಗ್‌ಗಳಲ್ಲಿ ಮಾಲೀಕರು ಹೇಳುವ ರಗಳೆಗಳು ಗೊತ್ತಿರುವಂಥವೇ. ಮ್ಯಾನುಯಲ್‌ನಲ್ಲಿ ತಣ್ಣಗಿದ್ದಾಗ ಎರಡನೇ ಗೇರ್ ಹಟ ಮಾಡುವುದು, 2018ರ ನಂತರದ ಹತ್ತು ಗೇರಿನ ಆಟೋಮ್ಯಾಟಿಕ್ ಒಮ್ಮೊಮ್ಮೆ ಝಟಕಾ ಹೊಡೆಯುವುದು, 5 ಲೀಟರ್ ಎಂಜಿನ್ನಿನಲ್ಲಿ ಟೈಪ್‌ರೈಟರ್ ಕುಟ್ಟಿದಂತೆ ಟಿಕ್ ಟಿಕ್ ಸದ್ದು. ಈ ಟಿಕ್ ಸದ್ದಿನೊಂದಿಗೇ ವರ್ಷಗಟ್ಟಲೆ ಓಡಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ಗೇರಿನ ಝಟಕಾವನ್ನು ಮಾತ್ರ ಹಗುರಾಗಿ ನೋಡಬೇಡಿ, ಗೇರ್‌ಬಾಕ್ಸ್ ಗೊತ್ತಿರುವವರಿಂದ ಓಡಿಸಿ ನೋಡಿಸಿ.

ಆದರೆ ಇಲ್ಲಿ ಅಗ್ಗದಲ್ಲಿ ಸಿಗುವ ಮಸ್ಟಾಂಗ್‌ಗಳಲ್ಲಿ ಬಹಳಷ್ಟು ಅಮೆರಿಕದಲ್ಲಿ ಅಪಘಾತಕ್ಕೀಡಾಗಿ, ವಿಮಾ ಕಂಪನಿ ಕೈಬಿಟ್ಟು, ಹರಾಜಿನಲ್ಲಿ ಹೋಗಿ, ಕಂಟೇನರಿನಲ್ಲಿ ಬಂದು ಇಲ್ಲಿ ರಿಪೇರಿಯಾದವು. ಮಾರುವವನು ಜಿಸಿಸಿ ಗಾಡಿ ಅಂತಾನೆ. ಚಾಸಿ ನಂಬರಿನ ಮೊದಲ ಅಂಕೆ 1 ಇದ್ದರೆ ಅಮೆರಿಕದ್ದು ಎಂದು ಕೆಲವರು ಹೇಳಿಕೊಡುತ್ತಾರೆ, ಮಸ್ಟಾಂಗ್ ಮಟ್ಟಿಗೆ ಅದರಿಂದ ಪ್ರಯೋಜನವಿಲ್ಲ. ಈ ತಲೆಮಾರಿನ ಮಸ್ಟಾಂಗ್‌ಗಳೆಲ್ಲ ತಯಾರಾದದ್ದು ಮಿಷಿಗನ್‌ನ ಫ್ಲ್ಯಾಟ್ ರಾಕ್‌ನಲ್ಲೇ. ಅದಕ್ಕಿಂತ ಸುಲಭದ ಉಪಾಯ ರೇಡಿಯೋ. ಅಮೆರಿಕದ ಎಫ್‌ಎಂ ಸೆಟ್ಟು ಬೆಸ ಅಂಕೆಗಳ ಮೇಲೆ ಮಾತ್ರ ನಿಲ್ಲುತ್ತದೆ, 101.5 ಆದರೆ ಮುಂದಿನದು 101.7. ದುಬೈನ 101.6 ಹಾಕಲು ಆಗದಿದ್ದರೆ ಗಾಡಿ ಎಲ್ಲಿಂದ ಬಂತು ಅಂತ ಅದೇ ಹೇಳಿದ ಹಾಗೆ. ಸ್ಪೀಡೋಮೀಟರಿನಲ್ಲಿ ಮೈಲಿಯ ಅಂಕೆ ದೊಡ್ಡದಾಗಿದ್ದರೂ ಅದೇ ಅರ್ಥ.

ಅಮೆರಿಕದ ಗಾಡಿ ಅಂತ ಗೊತ್ತಾದ ಮೇಲೆ 17 ಅಕ್ಷರದ ಚಾಸಿ ನಂಬರ್ ಹಾಕಿ ಹಳೆ ಹರಾಜಿನ ಫೋಟೋ ಹುಡುಕಿ. ಎಷ್ಟೋ ಗಾಡಿಗಳದ್ದು ಸಿಗುತ್ತದೆ. ಬಂಪರ್, ಬಾಗಿಲು ಮಾತ್ರ ಹೋದದ್ದಾದರೆ ಮಾತುಕತೆ ಮುಂದುವರಿಸಬಹುದು. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದ ಫೋಟೋ ಕಂಡರೆ ನಿಲ್ಲಿ. ಹೊಸ ಏರ್‌ಬ್ಯಾಗ್ ದುಬಾರಿ. ಹಾಗಾಗಿ ಒಳಗೆ ಏನೂ ಹಾಕದೆ ಮುಚ್ಚಳ ಮಾತ್ರ ಹೊಸದು ಕೂರಿಸಿ, ಲೈಟು ಹತ್ತದಂತೆ ವಯರಿಗೆ ರೆಸಿಸ್ಟರ್ ಸಿಕ್ಕಿಸುವ ಕೆಲಸ ನಡೆಯುತ್ತದೆ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟು ಒಮ್ಮೆ ಹತ್ತಿ, ಕೆಲವು ಸೆಕೆಂಡಿನಲ್ಲಿ ತಾನೇ ಆರಬೇಕು. ಹತ್ತುವುದೇ ಇಲ್ಲ ಅಂದ್ರೆ ಯಾರೋ ಕೈಯಾಡಿಸಿದ್ದಾರೆ. ಹತ್ತಿ ಆರಿದರೂ ರೆಸಿಸ್ಟರಿನ ಅನುಮಾನ ಪೂರ್ತಿ ಹೋಗುವುದಿಲ್ಲ, ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಬಲ್ಲವರೇ ಬೇಕು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಶೇಖ್ ಝಾಯೆದ್ ರಸ್ತೆಯಲ್ಲಿ ಹೋಗುವ ಗಾಡಿ ಇದು.

ಅದಕ್ಕಿಂತ ಹಳೆಯ, 2005ರಿಂದ 2014ರ ಮಸ್ಟಾಂಗ್ ನೋಡುತ್ತಿದ್ದರೆ ಟಕಾಟಾ ಏರ್‌ಬ್ಯಾಗ್ ರೀಕಾಲ್ ಆಗಿದೆಯಾ ಕೇಳಿ. ಅದರೊಳಗಿನ ಅಮೋನಿಯಂ ನೈಟ್ರೇಟ್ ವರ್ಷಾನುಗಟ್ಟಲೆ ಸೆಕೆ ಮತ್ತು ತೇವಕ್ಕೆ ಕೆಟ್ಟು, ಏರ್‌ಬ್ಯಾಗ್ ತೆರೆಯುವಾಗ ಲೋಹದ ಚೂರು ಹಾರಿ ಜನ ಸತ್ತಿದ್ದಾರೆ. ಸೆಕೆ, ತೇವ ಎರಡೂ ನಮ್ಮಲ್ಲಿ ಧಾರಾಳ. ಅಮೆರಿಕದಿಂದ ಬಂದ ಗಾಡಿಯಾದರೆ ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಚಾಸಿ ನಂಬರ್ ಹಾಕಿದರೆ ಬಾಕಿ ಇರುವ ರೀಕಾಲ್ ಪುಕ್ಕಟೆ ತಿಳಿಯುತ್ತದೆ.

ಇನ್ನು ನೀರು. 2024ರ ಏಪ್ರಿಲ್ 16ರ ಮಳೆ ಯಾರಿಗೂ ಮರೆತಿಲ್ಲ. 1949ರಿಂದ ದಾಖಲೆ ಇಡಲು ಶುರುವಾದ ಮೇಲೆ ಯುಎಇ ಕಂಡ ಅತಿ ದೊಡ್ಡ ಮಳೆ ಅದು, ಅಲ್ ಐನ್ ಕಡೆಯ ಖತಂ ಅಲ್ ಶಕ್ಲಾದಲ್ಲಿ 254 ಮಿಲಿಮೀಟರ್ ಬಿತ್ತು. ಅಂದು ಮುಳುಗಿದ ಗಾಡಿಗಳೂ ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಬಂದಿರುತ್ತವೆ. ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರ, ನೀರು ಬೇಗ ಒಳಹೊಗುತ್ತದೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಕೆಳತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನಡಿಯ ಬೋಲ್ಟುಗಳಲ್ಲಿ ತುಕ್ಕು ಕಂಡರೂ ಅನುಮಾನ ಪಡಿ. ನೀರು ಕುಡಿದ ಗಾಡಿಯ ವಯರಿಂಗ್ ರಗಳೆ ಎಂದಿಗೂ ಮುಗಿಯುವುದಿಲ್ಲ.

ಟೊಯೋಟಾ 86

ಕಮ್ಮಿ ಖರ್ಚಿನ ಖುಷಿ ಬೇಕಾದವರಿಗೆ ನನ್ನ ಓಟು ಇದಕ್ಕೆ. 2012ರಿಂದ ಬಂದ ಈ ಗಾಡಿಯ ಎಂಜಿನ್ ಕೋಣೆಯಿಂದ ಮಳೆಗಾಲದ ಜೀರುಂಡೆ ಕೂಗಿದ ಹಾಗೆ ಚಿರ್ ಚಿರ್ ಸದ್ದು ಬರುತ್ತದೆ. ಪೆಟ್ರೋಲ್ ಒತ್ತುವ ಪಂಪಿನ ಸದ್ದು ಅದು, ಸಾಮಾನ್ಯವಾಗಿ ಅಪಾಯವಿಲ್ಲ. ಮೊದಲ ವರ್ಷದವುಗಳ ಹಿಂದಿನ ಲೈಟಿನೊಳಗೆ ಹನಿ ಕಟ್ಟುವುದೂ ಅಷ್ಟೇ. ಆದರೆ 2012-13ರ ಗಾಡಿಗಳಿಗೆ ವಾಲ್ವ್ ಸ್ಪ್ರಿಂಗ್ ಬದಲಿಸುವ ರೀಕಾಲ್ 2018ರಲ್ಲಿ ಬಂತು. ಅದಕ್ಕೆ ಎಂಜಿನ್ನನ್ನೇ ಹೊರಗೆ ತೆಗೆಯಬೇಕು. ಹಾಗೆ ತೆಗೆದು ಜೋಡಿಸುವಾಗ ಹೆಚ್ಚಾಗಿ ಬಳಿದ ಸೀಲಂಟ್ ಆಯಿಲ್ ದಾರಿಗೆ ಸಿಕ್ಕಿ ಕೆಲವು ಎಂಜಿನ್‌ಗಳು ಹಾಳಾದವು. ಕೆಲಸ ಆಗಿದೆಯಾ, ಆದ ಮೇಲೆ ಎಷ್ಟು ಸಾವಿರ ಓಡಿದೆ, ಎರಡನ್ನೂ ಕೇಳಿ.

ಪೋರ್ಶ ಬಾಕ್ಸ್‌ಸ್ಟರ್, ಕೇಮನ್

ಗಾಡಿಯ ಬೆಲೆ ಇಳಿದರೂ ಬಿಡಿಭಾಗದ ಬೆಲೆ ಇಳಿಯುವುದಿಲ್ಲ ಎಂಬುದು ಇಲ್ಲಿ ಹೆಚ್ಚು ಚುಚ್ಚುತ್ತದೆ. ಹದಿನೈದು ವರ್ಷದ ಬಾಕ್ಸ್‌ಸ್ಟರ್ ನಿಮಗೆ ಅಗ್ಗಕ್ಕೆ ಸಿಗಬಹುದು, ಅದರ ವಾಟರ್ ಪಂಪು ಪೋರ್ಶದ ರೇಟಿನಲ್ಲೇ ಇರುತ್ತದೆ.

2008ರ ತನಕದ ಎಂಜಿನ್‌ಗಳಲ್ಲಿ ಇಂಟರ್‌ಮೀಡಿಯೇಟ್ ಶಾಫ್ಟ್ ಎಂಬ ದಂಡದ ಬೇರಿಂಗ್ ಒಡೆದರೆ ಎಂಜಿನ್ ಪೂರ್ತಿ ಹೋಗುತ್ತದೆ. 2000ದಿಂದ 2005ರ ಸುಮಾರಿನವು ಇದಕ್ಕೆ ಕುಪ್ರಸಿದ್ಧ, ಅಮೆರಿಕದಲ್ಲಿ ಮಾಲೀಕರು ಸೇರಿ ಮೊಕದ್ದಮೆ ಹೂಡಿ ರಾಜಿ ಮಾಡಿಕೊಂಡರು. 2009ರ ಮಾಡೆಲ್‌ನಿಂದ ಆ ಶಾಫ್ಟನ್ನೇ ಕೈಬಿಟ್ಟರು. ಹಳೆಯದನ್ನೇ ಕೊಳ್ಳುವುದಾದರೆ ಆಯಿಲ್ ಫಿಲ್ಟರ್ ಕತ್ತರಿಸಿ ಒಳಗೆ ಲೋಹದ ಮಿಣುಕು ಇದೆಯಾ ನೋಡಿಸಿ. ಕೂಲಂಟ್ ತುಂಬುವ ಪ್ಲಾಸ್ಟಿಕ್ ಟ್ಯಾಂಕು ಬಿಸಿಗೆ ಸೀಳುವುದು ಮಾಮೂಲು, ಡಿಕ್ಕಿಯ ಹತ್ತಿರ ಸಿಹಿ ವಾಸನೆ ಬರುತ್ತದೆ. ರೇಡಿಯೇಟರುಗಳು ಮುಂದಿನ ಬಂಪರಿನ ಮೂಲೆಗಳಲ್ಲಿವೆ. ಅಲ್ಲಿ ಎಲೆ, ಮರಳು, ಪ್ಲಾಸ್ಟಿಕ್ ಚೀಲ ತುಂಬಿ ಗಾಳಿ ಕಟ್ಟಿಹೋಗುತ್ತದೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ ತೊಳೆಸಿದರೆ ಎಸಿಯೂ ಖುಷಿಯಾಗಿರುತ್ತದೆ.

2005ರ ನಂತರದ ಬಾಕ್ಸ್‌ಸ್ಟರ್ ಇಟ್ಟುಕೊಂಡು ರಜೆಗೆ ಊರಿಗೆ ಹೋಗುವವರಿಗೆ ಒಂದು ಮಾತು. ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ, ಆ ಡಿಕ್ಕಿ ತೆರೆಯುವುದು ಕರೆಂಟಿನಲ್ಲಿ. ಎರಡು ತಿಂಗಳು ಬಿಟ್ಟು ಬಂದಾಗ ಬ್ಯಾಟರಿ ಸತ್ತಿದ್ದರೆ, ಬ್ಯಾಟರಿ ಬದಲಿಸಲು ಡಿಕ್ಕಿಯೇ ತೆರೆಯದು! ಫ್ಯೂಸ್ ಬಾಕ್ಸಿನಲ್ಲಿ ಇದಕ್ಕೆಂದೇ ಹೊರಗೆಳೆಯುವ ಒಂದು ಟರ್ಮಿನಲ್ ಇದೆ, ಅಲ್ಲಿಗೆ ಬೇರೆ ಬ್ಯಾಟರಿಯ ಕರೆಂಟು ಕೊಟ್ಟರೆ ಬಾಗಿಲು ತೆರೆಯುತ್ತದೆ. ಹೋಗುವ ಮುಂಚೆಯೇ ಅದನ್ನು ಕಂಡಿಟ್ಟುಕೊಳ್ಳಿ.

ನೋಡಲು ಹೋಗುವ ದಿನ

ಎಂಜಿನ್ ತಣ್ಣಗಿರಬೇಕು. ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಬೇರೆ ದಿನ ಬರ್ತೇನೆ ಅನ್ನಿ. ಫೋನಿಗೆ ಜೋಡಿಸುವ ಸಣ್ಣ ಒಬಿಡಿ ರೀಡರ್ ಜೊತೆಗಿರಲಿ. ಎಂಜಿನ್ ಲೈಟು ಹತ್ತಿದ್ದನ್ನು ಅಳಿಸಿ ತೋರಿಸುವುದು ಹಳೆ ಚಾಳಿ. ಆದರೆ ಹಾಗೆ ಅಳಿಸಿದರೆ ಕಾರಿನ ಸ್ವಯಂ ತಪಾಸಣೆಗಳು ಪೂರ್ತಿಯಾಗಿಲ್ಲ ಅಂತ ರೀಡರಿನಲ್ಲಿ ಕಾಣುತ್ತದೆ. ನಿನ್ನೆ ಮೊನ್ನೆ ಅಳಿಸಿದ್ದಾರೆ ಅಂತ ತಿಳಿದುಕೊಳ್ಳಿ.

ಹೊಸ ಪಾಸಿಂಗ್ ಆಗಿದೆ ಅನ್ನೋ ಮಾತಿಗೆ ಮರುಳಾಗಬೇಡಿ. ಪಾಸಿಂಗ್‌ನಲ್ಲಿ ನೋಡುವುದು ಬ್ರೇಕು, ಲೈಟು, ಟಯರು, ಹೊಗೆ, ಚಾಸಿ. ಗೇರ್‌ಬಾಕ್ಸಿಗೆ ಎಷ್ಟು ದಿನ ಆಯಸ್ಸಿದೆ ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಟಯರಿನ ಮೇಲೆ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕೆ ವಾರ ಮತ್ತು ವರ್ಷ. 2319 ಅಂದರೆ 2019ರ 23ನೇ ವಾರ. ಸೈಲೆನ್ಸರ್ ಬದಲಿಸಿದ ಗಾಡಿಯಾದರೆ ಹಳೆಯ ಒರಿಜಿನಲ್ ಪೈಪನ್ನೂ ಕೇಳಿ ಪಡೆಯಿರಿ. ಗದ್ದಲದ ಗಾಡಿಗೆ ಯುಎಇಯಲ್ಲಿ 2,000 ದಿರ್ಹಮ್ ದಂಡ, 12 ಕಪ್ಪು ಪಾಯಿಂಟು. 24 ಆದರೆ ಲೈಸನ್ಸೇ ಅಮಾನತು.

ಸಾಲ ಮಾಡುವುದಾದರೆ

ಯುಎಇ ಸೆಂಟ್ರಲ್ ಬ್ಯಾಂಕಿನ ನಿಯಮದ ಪ್ರಕಾರ ಕಾರಿನ ಸಾಲ ಬೆಲೆಯ ಶೇ. 80ನ್ನು, ಕಂತು 60 ತಿಂಗಳನ್ನು ಮೀರುವಂತಿಲ್ಲ. ಅಪಘಾತದ ಇತಿಹಾಸವಿರುವ ಅಮೆರಿಕದ ಗಾಡಿಗೆ ಹಲವು ಬ್ಯಾಂಕುಗಳು ಸಾಲವನ್ನೇ ಕೊಡುವುದಿಲ್ಲ, ಫುಲ್ ಇನ್ಶೂರೆನ್ಸ್ ಸಿಗುವುದೂ ಕಷ್ಟ. ಆಗ ನಮ್ಮವರು ಪರ್ಸನಲ್ ಲೋನ್ ಎತ್ತುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ. ಬ್ಯಾಂಕು, ಇನ್ಶೂರೆನ್ಸ್ ಎರಡೂ ಬೇಡ ಅಂದ ಗಾಡಿಯನ್ನು ಊರಿನ ಮನೆಯ ದುಡ್ಡಲ್ಲಿ ಯಾಕೆ ಕೊಳ್ಳಬೇಕು? ಗಾಡಿಯ ಬೆಲೆಯ ಹೊರತಾಗಿ ಒಂದು ದೊಡ್ಡ ರಿಪೇರಿಗಾಗುವಷ್ಟು ಹಣ ಪಕ್ಕಕ್ಕಿಡಲು ಆಗದಿದ್ದರೆ ಇನ್ನೊಂದು ವರ್ಷ ಕಾಯಿರಿ.

ಕೆಲಸ ಬಿಟ್ಟು ಊರಿಗೆ ಹೊರಡುವಾಗ ಮಾರಬೇಕಾಗಿ ಬಂದರೆ, ಸಾಲ ತೀರಿಸಿ ಬ್ಯಾಂಕು ತನ್ನ ಹಕ್ಕು ತೆಗೆಯದೆ ಮುಲ್ಕಿಯಾ ಬೇರೆಯವರ ಹೆಸರಿಗೆ ಆಗುವುದಿಲ್ಲ. ಬಾಕಿ ದಂಡಗಳನ್ನೂ ಕಟ್ಟಿರಬೇಕು. ಸ್ಪೋರ್ಟ್ಸ್ ಕಾರಿಗೆ ಗಿರಾಕಿ ಸಿಗುವುದು ಕೊರೊಲ್ಲಾಕ್ಕಿಂತ ತಡ, ಅದರಲ್ಲೂ ಬೇಸಿಗೆಯಲ್ಲಿ ಇನ್ನೂ ತಡ. ನೋಟಿಸ್ ಕೊಟ್ಟ ದಿನವೇ ಜಾಹೀರಾತು ಹಾಕಿ, ಟಿಕೆಟ್ ಆಮೇಲೆ ನೋಡಿ.