ಬಳ್ಳಾರಿಯಲ್ಲಿ ತಂಗಿದ ಅಂಚೆ ವಿಮಾನ

ವಿಮಾನ ಸಂಸ್ಥೆಯ ಉದ್ಯೋಗವೆಂದರೆ ಪೈಲಟ್ ಆಗುವುದೊಂದೇ ಎಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ನೆವಿಲ್ ವಿನ್ಸೆಂಟ್ ಅವರ ಬದುಕು ಬೇರೆಯದನ್ನೇ ಹೇಳುತ್ತದೆ.

ಬ್ರಿಟಿಷ್ ವಾಯುಪಡೆ ತೊರೆದ ವಿನ್ಸೆಂಟ್ 1920ರ ದಶಕದ ಕೊನೆಗೆ ಭಾರತಕ್ಕೆ ಬಂದರು. ಜನರನ್ನು ವಿಮಾನದಲ್ಲಿ ಸುತ್ತಾಡಿಸಿದರು; ಆಕಾಶದಿಂದ ನೆಲದ ಛಾಯಾಚಿತ್ರ ತೆಗೆದರು. ಲಂಡನ್ನಿನಿಂದ ಕರಾಚಿಗೆ ಬರುವ ಅಂಚೆಯನ್ನು ಮದ್ರಾಸಿಗೆ ಒಯ್ಯುವ ಯೋಜನೆ ರೂಪಿಸಿ ಟಾಟಾ ಸಂಸ್ಥೆಯ ಮುಂದಿಟ್ಟರು. ಸರ್ಕಾರದ ಒಪ್ಪಿಗೆ ಸಿಗಲು ವರ್ಷಗಳೇ ಹಿಡಿದವು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಇಂಧನದ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಮುಂಬಯಿಯಿಂದ ಮುಂದಕ್ಕೆ ಅಂಚೆ ಒಯ್ದವರು ವಿನ್ಸೆಂಟ್. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಯಲ್ಲಿ ರಾತ್ರಿ ತಂಗಿ, ಮರುದಿನ ಮದ್ರಾಸು ತಲುಪಿದರು.

ಈ ಸೇವೆಯೇ ಬೆಳೆದು 1946ರಲ್ಲಿ ಏರ್ ಇಂಡಿಯಾ ಆಯಿತು. ಅದನ್ನು ನೋಡಲು ವಿನ್ಸೆಂಟ್ ಉಳಿಯಲಿಲ್ಲ. 1942ರಲ್ಲಿ ಅವರು ಪ್ರಯಾಣಿಸುತ್ತಿದ್ದ ಯುದ್ಧವಿಮಾನ ಮರಳಿ ಬರಲಿಲ್ಲ.

ಹಾರಾಟ, ಛಾಯಾಗ್ರಹಣ, ಯೋಜನೆ, ವ್ಯವಹಾರ – ಇಷ್ಟೂ ಒಬ್ಬರದೇ ವೃತ್ತಿಜೀವನ. ಇಂದು ಇವು ಬೇರೆಬೇರೆ ಉದ್ಯೋಗಗಳು. ಜೊತೆಗೆ ಎಂಜಿನ್ ದುರಸ್ತಿ, ಹವಾಮಾನ ವಿಜ್ಞಾನ, ಸಂಚಾರ ನಿಯಂತ್ರಣವೂ ಉಂಟು. ಒಂದರಿಂದ ಒಳಹೊಕ್ಕವರು ಇನ್ನೊಂದನ್ನೂ ಕಲಿಯಬಹುದು. ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇದನ್ನೇ.