ಬಾವುಟಗುಡ್ಡೆಗೆ ಒಮ್ಮೆ ಬೆಳ್ಳಾರೆಯಿಂದ ಹೋಗಿ ನೋಡಿ

ಮಂಗಳೂರು ನೋಡಲು ಬಂದ ನೆಂಟರನ್ನು ನಾವು ಕರೆದುಕೊಂಡು ಹೋಗುವ ಜಾಗಗಳು ಹೆಚ್ಚುಕಮ್ಮಿ ಒಂದೇ. ಕದ್ರಿ, ಮಂಗಳಾದೇವಿ, ಅಲೋಶಿಯಸ್ ಚಾಪೆಲ್, ಬೋಳೂರಿನ ಸುಲ್ತಾನ್ ಬತ್ತೇರಿ. ಹೊತ್ತು ಉಳಿದರೆ ಉಳ್ಳಾಲ. ಎಲ್ಲವೂ ನೋಡಲೇಬೇಕಾದವು. ಕದ್ರಿಯ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನ ಉಂಟು. ಚಾಪೆಲಿನ ಗೋಡೆ, ಮಾಡುಗಳನ್ನು ತುಂಬಿರುವ ಚಿತ್ರಗಳು ಇಟಲಿಯ ಆಂಟೋನಿಯೊ ಮೊಸ್ಕೆನಿಯ ಕೈಯವು.

ಆದರೆ ಚಾಪೆಲ್ ನೋಡಿ ಹೊರಬಂದವರು ಸೀದಾ ರಿಕ್ಷಾ ಹತ್ತುತ್ತಾರೆ. ತಾವು ನಿಂತಿರುವ ಗುಡ್ಡಕ್ಕೆ ಎರಡು ಹೆಸರು ಯಾಕೆ ಎಂದು ಯಾರೂ ಕೇಳುವುದಿಲ್ಲ. ಬಸ್ಸಿನವರಿಗೆ ಅದು ಲೈಟ್‌ಹೌಸ್ ಹಿಲ್. ಹಳಬರಿಗೆ ಬಾವುಟಗುಡ್ಡೆ.

ನನಗೆ ಈ ಪ್ರಶ್ನೆ ಹುಟ್ಟಿದ್ದು ಮಂಗಳೂರಿನಲ್ಲಿ ಅಲ್ಲ, ಸುಳ್ಯದ ಕಡೆಯ ಅಜ್ಜಿಮನೆಯಲ್ಲಿ. ಹಲಸಿನ ಹಪ್ಪಳದ ಡಬ್ಬಕ್ಕೆ ನಾವು ಮಕ್ಕಳೆಲ್ಲ ಒಟ್ಟಿಗೆ ಕೈ ಹಾಕಿದರೆ ಅಜ್ಜಿ, "ಎಂತ ಮಕ್ಕಳೇ ಇದು, ಕಲ್ಯಾಣಪ್ಪನ ಕಾಟಕಾಯಿಯಾ?" ಎಂದು ಗದರುತ್ತಿದ್ದರು. ಕಾಟಕಾಯಿ ಎಂದರೆ ಸುಲಿಗೆ, ದರೋಡೆ. ಕಲ್ಯಾಣಪ್ಪ ಯಾರೋ ದೊಡ್ಡ ಕಳ್ಳ ಇರಬೇಕು ಅಂತ ನಾನು ತುಂಬಾ ವರ್ಷ ನಂಬಿದ್ದೆ.

ಕಳೆದ ಏಪ್ರಿಲ್‌ನಲ್ಲಿ ಆ ದಾರಿಯಲ್ಲೇ ಒಮ್ಮೆ ಹೋಗಿ ನೋಡುವ ಎಂದು ಬೆಳ್ಳಾರೆಯಿಂದ ಹೊರಟೆ.

ಬೆಳ್ಳಾರೆಯ ಬಂಗ್ಲೆಗುಡ್ಡೆಯಲ್ಲಿ ಕಂಪೆನಿ ಸರಕಾರದ ಖಜಾನೆ ಇತ್ತು. ಅದರ ಕತೆ ಹೀಗೆ: ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ನೆರವಾದ ಕೊಡಗಿನ ಅರಸನಿಗೆ ಇಂಗ್ಲಿಷರು ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೊಟ್ಟಿದ್ದರು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿದಾಗ ಈ ಸೀಮೆಗಳನ್ನು ಮತ್ತೆ ಕೆನರಾ ಜಿಲ್ಲೆಗೆ ಸೇರಿಸಿದರು. ಅರಸನ ಕಾಲದಲ್ಲಿ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. ಕಂಪೆನಿ ನಗದು ಕೇಳಿತು. ಭತ್ತ ಬೆಳೆಯುವವನ ಕೈಯಲ್ಲಿ ನಗದು ಎಲ್ಲಿಂದ? ಸಾಲಗಾರನ ಬಾಗಿಲಿಗೆ ಹೋಗಬೇಕು, ಇಲ್ಲವೇ ಬಂದ ಬೆಲೆಗೆ ಭತ್ತ ಮಾರಬೇಕು. ಉಪ್ಪು, ಹೊಗೆಸೊಪ್ಪಿನ ವ್ಯಾಪಾರವೂ ಕಂಪೆನಿಯ ಹಿಡಿತದಲ್ಲೇ ಇತ್ತು.

1837ರ ಮಾರ್ಚ್ ಕೊನೆಗೆ ದಂಗೆ ಎದ್ದಿತು. ಮುಂದೆ ನಿಂತವರಲ್ಲಿ ಕೆದಂಬಾಡಿ ರಾಮಯ್ಯ ಗೌಡರು, ಕೊಡಗಿನ ಗುಡ್ಡೆಮನೆ ಅಪ್ಪಯ್ಯ ಗೌಡರು ಇದ್ದರು. ಅರಸು ಮನೆತನದ ಒಬ್ಬ ಬೇಕಿತ್ತಲ್ಲ, ಪುಟ್ಟಬಸಪ್ಪ ಎಂಬಾತ ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಕಾಣಿಸಿಕೊಂಡ. ಅಜ್ಜಿ ಹೇಳುತ್ತಿದ್ದ ಕಲ್ಯಾಣಪ್ಪ ಇವನೇ. ಬೆಳ್ಳಾರೆಯ ಖಜಾನೆ ವಶವಾಯಿತು, ದಂಡು ಪುತ್ತೂರು, ಬಂಟ್ವಾಳದ ದಾರಿ ಹಿಡಿಯಿತು. ನಂದಾವರದ ಬಂಗರಸನೂ ಸೇರಿಕೊಂಡ.

ನಾನು ಬಸ್ಸಿನಲ್ಲಿ ಕೂತು ದಾಟಿದ ಈ ದಾರಿಯನ್ನು ಅವರು ಏಪ್ರಿಲ್ ಸೆಕೆಯಲ್ಲಿ ನಡೆದೇ ಬಂದರು. ಏಪ್ರಿಲ್ 5ರಂದು ಮಂಗಳೂರು ಅವರ ಕೈಗೆ ಬಂತು. ಜೈಲಿನ ಬಾಗಿಲು ತೆರೆಯಿತು, ಕಚೇರಿಗಳು ಉರಿದವು. ಗುಡ್ಡದ ಮೇಲಿನ ಕಂಪೆನಿಯ ಬಾವುಟ ಇಳಿದು ಕೊಡಗಿನ ಹಾಲೇರಿ ಅರಸರ ಬಾವುಟ ಏರಿತು. ಅದು ಹದಿಮೂರು ದಿನ ಹಾರಿತು ಎಂದು ನಮ್ಮ ಕಡೆಯವರು ಲೆಕ್ಕ ಹೇಳುತ್ತಾರೆ. ತಲಶ್ಶೇರಿ, ಕಣ್ಣೂರಿನ ಕಡೆಯಿಂದ ಕಂಪೆನಿಯ ಸೈನ್ಯ ಬಂದ ಮೇಲೆ ಎಲ್ಲ ಮುಗಿಯಿತು.

ಬಾವುಟಗುಡ್ಡೆಯಲ್ಲಿ ಈಗ ಹಳೆಯ ದೀಪಸ್ತಂಭ ಉಂಟು, ಟ್ಯಾಗೋರ್ ಪಾರ್ಕ್ ಉಂಟು. 2022ರ ನವೆಂಬರಿನಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯೂ ಬಂತು. ಪಾರ್ಕಿನ ಬೆಂಚಿನಲ್ಲಿ ಕೂತಿದ್ದ ಒಬ್ಬರು ಹಿರಿಯರನ್ನು, "ಇದು ಯಾರು ಮಾರಾಯ್ರೆ?" ಎಂದು ಕೇಳಿದೆ. "ಯಾರೋ ರಾಜ ಇರ್ಬೇಕು, ಕುದುರೆ ಮೇಲೆ ಇದ್ದಾನಲ್ಲ" ಅಂದರು.

ರಾಜನಲ್ಲ. ಕಂದಾಯ ಕಟ್ಟುವ ಊರಿನಿಂದ ಬಂದ ಒಬ್ಬ ಗೌಡ.

ಗುಡ್ಡೆ ಇಳಿದು ಜ್ಯೋತಿ ದಾಟಿದರೆ ಬಲ್ಮಠ. ಪತ್ರಿಕೋದ್ಯಮ ಓದಿದ ನಮಗೆಲ್ಲ ಗೊತ್ತಿರುವ ಜಾಗ. ಬಾಸೆಲ್ ಮಿಶನ್ ಮುದ್ರಣಾಲಯ 1841ರಲ್ಲಿ ಶುರುವಾಯಿತು. ಹರ್ಮನ್ ಮೊಗ್ಲಿಂಗ್ ಸಂಪಾದಿಸಿದ ಮಂಗಳೂರ ಸಮಾಚಾರ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂತು. ಅದೇ ದಿನವನ್ನು ನಾವು ಪತ್ರಿಕಾ ದಿನ ಎಂದು ಆಚರಿಸುತ್ತೇವೆ.

ಅಲ್ಲಿ ನಿಂತಾಗ ಎರಡು ಇಸವಿಗಳು ಒಟ್ಟಿಗೆ ನೆನಪಾದವು. 1837, 1843. ನಡುವೆ ಆರೇ ವರ್ಷ. ದಂಗೆ ನಡೆದಾಗ ಕನ್ನಡದಲ್ಲಿ ಪತ್ರಿಕೆಯೇ ಇರಲಿಲ್ಲ. ಬೆಳ್ಳಾರೆಯ ರೈತ ಯಾಕೆ ಊರು ಬಿಟ್ಟು ನಡೆದ ಎಂದು ಅವನನ್ನೇ ಕೇಳಿ ಅಚ್ಚು ಹಾಕುವವರು ಇರಲಿಲ್ಲ. ಬರೆದವರು ಕಂಪೆನಿಯ ಅಧಿಕಾರಿಗಳು, ತಮ್ಮ ಮೇಲಿನವರಿಗೆ. ಅವರ ಕಣ್ಣಿಗೆ ಅದು ಕಾನೂನು ಮೀರಿದವರ ಗಲಭೆ. ಊರಿನಲ್ಲಿ ಉಳಿದದ್ದು ಕಾಟಕಾಯಿ ಎಂಬ ಮಾತು. ಲೂಟಿ ನಡೆಯಲೇ ಇಲ್ಲ ಎಂದು ನಾನು ಹೇಳುವುದಿಲ್ಲ. ದಂಡು ಹೋದ ದಾರಿಯಲ್ಲಿ ನೊಂದವರೂ ಇದ್ದಿರಬೇಕು. ಆದರೆ ಬರೀ ಲೂಟಿಯ ಹೆಸರು ಉಳಿದು, ನಗದು ಕಂದಾಯದ ಮಾತು ಅಳಿಸಿಹೋಯಿತು. ಸುಬ್ರಹ್ಮಣ್ಯದ ಹತ್ತಿರದ ಕುಲ್ಕುಂದದಲ್ಲಿ ಹುಟ್ಟಿದ ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದರು. ಈಗ ಅಮರಸುಳ್ಯ ಸ್ವಾತಂತ್ರ್ಯ ಸಮರ ಎಂಬ ಹೆಸರು ಓಡುತ್ತಿದೆ. ಆದರೂ ಅಜ್ಜಿಯ ಬಾಯಿಯ ಹಳೆಯ ಹೆಸರು ಹೋಗಲಿಲ್ಲ.

ಕೊನೆಗೆ ಬಿಕರ್ನಕಟ್ಟೆಗೆ ಹೋದೆ. ಕಲ್ಯಾಣಸ್ವಾಮಿ ಎನಿಸಿಕೊಂಡವನನ್ನು, ಬಂಗರಸನನ್ನು ಗಲ್ಲಿಗೇರಿಸಿದ್ದು ಅಲ್ಲಿ. ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ, 1837ರ ಅಕ್ಟೋಬರ್ 31ರಂದು. ಬಿಕರ್ನಕಟ್ಟೆಯಲ್ಲಿ ನನಗೆ ಕಂಡದ್ದು ಬಸ್ಸು, ಲಾರಿ, ಅಂಗಡಿಗಳ ಗದ್ದಲ ಮಾತ್ರ. ರಸ್ತೆ ಬದಿ ಒಂದು ಚಾ ಕುಡಿದು ವಾಪಸು ಬಂದೆ.

ಮರುವಾರ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಎಲೆ ಅಡಿಕೆ ಜಗಿಯುತ್ತಾ ಕೇಳಿದರು. "ತೀರ್ವೆ ಕಟ್ಲಿಕ್ಕೆ ಆಗದೆ ಹೋದದ್ದಾ ಅವರು? ಹಾಗಂತ ನಮಗೆ ಯಾರು ಹೇಳಿದ್ರು ಮಗ?" ಅಂದರು.

ಮುಂದಿನ ಸಲ ನೆಂಟರು ಬಂದಾಗ ಚಾಪೆಲ್ ತೋರಿಸಿದ ಮೇಲೆ ನಾಲ್ಕು ಹೆಜ್ಜೆ ಆಚೆ ಕರೆದುಕೊಂಡು ಹೋಗಿ. ಬೆಳ್ಳಾರೆಯ ಹೆಸರನ್ನೂ ಹೇಳಿ. ನಿಮ್ಮ ಊರಿನಲ್ಲೂ ಇಂಥ ಒಂದು ಬೈಗುಳ, ಒಂದು ಗಾದೆ ಉಳಿದಿರಬಹುದು. ಅದರ ಹಿಂದೆ ಯಾರಿದ್ದರು ಎಂದು ಹಿರಿಯರು ಇರುವಾಗಲೇ ಕೇಳಿ ಬರೆದಿಡಿ.