ಬೆಳ್ಳಾವಿ ಸೀಮೆಯ ಒಂಟಿನಳಿಗೆಯ ಕೋವಿ: ಒಂದು ವಿಚಾರ

ಮೈಸೂರು ಸೀಮೆಯ ಬೇಟೆಯ ಇತಿಹಾಸವೆಂದೊಡನೆ ಅರಮನೆಯ ಖೆಡ್ಡಾಗಳೂ ಆಂಗ್ಲ ಅಧಿಕಾರಿಗಳು ಬರೆದಿಟ್ಟ ದಿನಚರಿಗಳೂ ನೆನಪಿಗೆ ಬರುವುದು ಸಹಜವಾಗಿದೆ. ಈ ಸಂಸ್ಥಾನದಲ್ಲಿ ಆನೆ ಹಿಡಿಸಿದ ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದೊಡ್ಡ ಮೃಗಗಳಿಗೆ ತಕ್ಕ ಭಾರಿ ಬಂದೂಕುಗಳ ಚರ್ಚೆಯೇ ಇದೆ. ಆದರೆ ಮೊಲಕ್ಕೋ ಕೌಜುಗಕ್ಕೋ ಹೊರಟ ರೈತನು ಎಂಥ ಕೋವಿಯನ್ನು ಹಿಡಿದನು, ಅದನ್ನೇ ಏಕೆ ಹಿಡಿದನು ಎಂಬ ಪ್ರಶ್ನೆಗೆ ಅಂಥ ಪುಸ್ತಕಗಳಲ್ಲಿ ಉತ್ತರ ದೊರೆಯುವುದು ಅತ್ಯಲ್ಪ. ಆಯ್ಕೆಯೆಂಬುದು ದೊರೆಗಳಿಗೆ ಮಾತ್ರ ಇದ್ದಿತೆಂದೂ, ರೈತನ ಕೈಗೆ ಸಿಕ್ಕಿದ್ದೇ ಅವನ ಆಯುಧವೆಂದೂ ತಿಳಿಯುವ ವಾಡಿಕೆ ನಮ್ಮಲ್ಲಿದೆ. ಈ ವಾಡಿಕೆಯನ್ನು ಪರೀಕ್ಷಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರುಗಳನ್ನು ನೋಡೋಣ. ಕೋವಿಯೆಂದರೆ ಕನ್ನಡದಲ್ಲಿ ಕೊಳವೆ. ಆಯುಧಕ್ಕೆ ಆ ಹೆಸರು ಬಂದುದು ಅದರ ಆಕಾರದಿಂದ. ತುಪಾಕಿ ತುರ್ಕಿಯಿಂದಲೂ ಬಂದೂಕು ಅರಬ್ಬೀ ಪಾರಸಿಗಳ ಮೂಲಕವೂ ಬಂದ ಮಾತುಗಳು. ದಂಡಿನೊಡನೆ ಬಂದ ಹೆಸರುಗಳು ಎರಡಾದರೂ, ಹಳ್ಳಿಯಲ್ಲಿ ನಿಂತ ಹೆಸರು ನಮ್ಮದೇ ಎಂಬುದು ಗಮನಾರ್ಹ.

ತುಮಕೂರು ತಾಲ್ಲೂಕಿನ ಹೋಬಳಿಯೂ ಸಂತೆಯ ಊರೂ ಆದ ಬೆಳ್ಳಾವಿಯ ಸುತ್ತಿನ ಪ್ರದೇಶವು ಘೋರಾರಣ್ಯವಲ್ಲ. ರಾಗಿ, ಅವರೆ, ಕಡಲೆಕಾಯಿಯ ಹೊಲಗಳು, ಕೆರೆಯಂಗಳಗಳು, ಗುಬ್ಬಿಯ ಕಡೆಗೆ ತೆಂಗಿನ ತೋಟಗಳು, ನಡುನಡುವೆ ಕುರುಚಲು ಬೆಳೆದ ಗೋಮಾಳಗಳು. ದೂರದಲ್ಲಿ ದೇವರಾಯನದುರ್ಗದ ಕಾಡು. ಇಲ್ಲಿ ಬೇಟೆಗಾರನಿಗೆ ಎದುರಾಗುತ್ತಿದ್ದುದು ಮೊಲ, ಕೌಜುಗ, ಲಾವಕ್ಕಿ. ಕೊಯ್ಲಿನ ಕಾಲದಲ್ಲಿ ಕಡಲೆಕಾಯಿಗೆ ಬೀಳುವ ಕಾಡುಹಂದಿ. ಹಂದಿಗೆ ಗುಂಡು ಬೇಕು, ಲಾವಕ್ಕಿಗೆ ಚರೆ ಬೇಕು. ಒಬ್ಬ ರೈತನು ಎರಡು ಕೋವಿಗಳನ್ನಿಡುವುದು ಆಗದ ಮಾತು. ಒಂದೇ ಕೋವಿ ಎರಡು ಕೆಲಸವನ್ನೂ ಮಾಡಬೇಕಾಗಿದ್ದಿತು.

ಬಾಯಿಯಿಂದ ತುಂಬುವ ಒಂಟಿನಳಿಗೆಯ ಕೋವಿಯ ಮೇಲ್ಮೆ ಇರುವುದು ಈ ವಿಷಯದಲ್ಲಿಯೇ. ಅದರ ನಳಿಗೆಯ ಒಳಮೈ ನುಣುಪು, ರೈಫಲ್ಲಿನಂತೆ ಸುರುಳಿಗೀರುಗಳಿಲ್ಲ. ಮದ್ದನ್ನು ಅಳತೆಯಿಂದ ಸುರಿದು, ನಾರನ್ನೋ ಬಟ್ಟೆಯ ಚೂರನ್ನೋ ಗಜದಿಂದ ಜಡಿದು, ಮೇಲೆ ಚರೆಯನ್ನು ಹಾಕಿ, ಅದು ಉದುರದಂತೆ ಮತ್ತೊಂದು ಚೂರನ್ನು ಜಡಿದರೆ ಈಡು ಸಿದ್ಧವಾಯಿತು. ಹಕ್ಕಿಗೆ ಸಣ್ಣ ಚರೆ, ಮೊಲಕ್ಕೆ ಅದಕ್ಕಿಂತ ದಪ್ಪನಾದುದು, ಹಂದಿಗೆ ಒಂದೇ ಗುಂಡು. ತೋಟೆಕೋವಿಯವನು ಸಂತೆಯಲ್ಲಿ ಕೊಳ್ಳಬೇಕಾದ ವೈವಿಧ್ಯವನ್ನು ಇವನು ತನ್ನ ಸೊಂಟದ ಚೀಲದಿಂದಲೇ ಪಡೆಯುತ್ತಿದ್ದನು. ಚರೆಯ ಈಡು ಮೂವತ್ತು ನಲವತ್ತು ಗಜಗಳಾಚೆಗೆ ಚೆದುರಿ ಬಲಗುಂದುತ್ತದೆ. ಕುರುಚಲಿನಲ್ಲಿ ಅದಕ್ಕಿಂತ ದೂರದ ಗುರಿ ದೊರೆಯುವುದೂ ಅಪರೂಪವೇ. (ಗಜವೆಂಬ ಒಂದೇ ಮಾತು ಜಡಿಯುವ ಕೋಲಿಗೂ ದೂರದ ಅಳತೆಗೂ ಸಲ್ಲುವುದರಿಂದ ಹಳೆಯ ಕಾಗದಪತ್ರಗಳನ್ನೋದುವ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು.)

ಇದರ ದೋಷಗಳೂ ಸಣ್ಣವಲ್ಲ. ಒಂದು ಈಡು ತಪ್ಪಿದರೆ ಪ್ರಾಣಿ ಹೋಯಿತೆಂದೇ ಅರ್ಥ. ಮಳೆಗಾಲದಲ್ಲಿ ಮದ್ದು ತೇವಗೊಂಡು ಮೋಸ ಮಾಡುವುದುಂಟು. ಹಿಂದಿನ ದಿನದ ಈಡನ್ನು ಮರೆತು ಅದರ ಮೇಲೆಯೇ ಇನ್ನೊಂದನ್ನು ಜಡಿದವನು ನಳಿಗೆ ಸಿಡಿದು ಬೆರಳನ್ನೋ ಕಣ್ಣನ್ನೋ ಕಳೆದುಕೊಳ್ಳಬಹುದಾಗಿದ್ದಿತು. ಗಜವನ್ನು ಒಳಕ್ಕೆ ಇಳಿಬಿಟ್ಟು ನಳಿಗೆ ಬರಿದಾಗಿದೆಯೇ ಎಂದು ನೋಡುವ ಪದ್ಧತಿ ಈ ಭಯದಿಂದಲೇ ಬೆಳೆದುದು.

ಕಿಡಿ ಹೊತ್ತಿಸುವ ಉಪಾಯದಲ್ಲಿ ಮೂರು ಅವಸ್ಥೆಗಳುಂಟು: ಬತ್ತಿ, ಚಕಮಕಿ, ಕೇಪು. ಚಕಮಕಿ ಕೋವಿಗಳು ಹೈದರ್ ಟಿಪ್ಪುಗಳ ಕಾಲದಲ್ಲಿ ಈ ರಾಜ್ಯದಲ್ಲಿಯೇ ತಯಾರಾಗುತ್ತಿದ್ದವು. ಹುಲಿಪಟ್ಟೆಯ ಗುರುತುಳ್ಳ ಶ್ರೀರಂಗಪಟ್ಟಣದ ಕೋವಿಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. 1807ರಲ್ಲಿ ಸ್ಕಾಟ್ಲೆಂಡಿನ ಫಾರ್ಸೈತ್ ಎಂಬ ಪಾದ್ರಿಯು ಪೆಟ್ಟಿಗೆ ಸಿಡಿಯುವ ಮದ್ದಿನ ಉಪಾಯಕ್ಕೆ ಹಕ್ಕು ಪಡೆದನು. ಅದರಿಂದ ತಾಮ್ರದ ಕೇಪು ಹುಟ್ಟಿತು. ಕೇಪನ್ನು ಮಾತ್ರ ಹಳ್ಳಿಯಲ್ಲಿ ಮಾಡಲಾಗದು. ಉಳಿದೆಲ್ಲ ಸಾಮಗ್ರಿಗೂ ನಾಡಿನಲ್ಲಿ ಆಧಾರವಿದ್ದಿತು: ಮಣ್ಣಿನಿಂದ ತೆಗೆದ ಪೆಟ್ಲುಪ್ಪು, ಇದ್ದಿಲು, ಅಂಗಡಿಯ ಗಂಧಕ, ಕಮ್ಮಾರನ ಕುಲುಮೆ. 1800-01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ಮಧುಗಿರಿ, ಮಾಗಡಿಗಳ ಕಡೆಯ ಕಬ್ಬಿಣದ ಕೆಲಸವನ್ನು ವರ್ಣಿಸಿದ್ದಾನೆ. ಮುರಿದ ಕುದುರೆಯನ್ನು ಊರಿನಲ್ಲಿಯೇ ಬಡಿದು ಸರಿಮಾಡಿಸಬಹುದಾದ ಕೋವಿಗೂ, ಬಿಡಿಭಾಗಕ್ಕಾಗಿ ಬೆಂಗಳೂರಿಗೆ ಕಳುಹಿಸಬೇಕಾದ ಕೋವಿಗೂ ಇದ್ದ ಅಂತರವನ್ನು ರೈತನು ಚೆನ್ನಾಗಿ ಅರಿತಿದ್ದನು.

ಹಾಗಾದರೆ ಇದು ಸ್ವತಂತ್ರವಾದ ಆಯ್ಕೆಯೇ? ಇಲ್ಲಿ ಕಾನೂನಿನ ಮಾತು ಬರುತ್ತದೆ. 1878ರ ಆಯುಧ ಶಾಸನದ ನೀತಿಯಿಂದ ಕೋವಿಯು ಪರವಾನಗಿಯ ವಸ್ತುವಾಯಿತು. 1962ರ ಅಕ್ಟೋಬರ್ 1ರಂದು ಜಾರಿಗೆ ಬಂದ 1959ರ ಶಾಸನದ 13ನೆಯ ಪ್ರಕರಣವು, ಬೆಳೆಯ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿಯನ್ನೂ, ಆತ್ಮರಕ್ಷಣೆಗೆ ಅಥವಾ ಬೇಟೆಯ ವಿನೋದಕ್ಕೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನೂ ಬೇರೆಬೇರೆಯಾಗಿ ಹೆಸರಿಸಿತು. ರೈತನ ಕೋವಿ ಯಾವುದು, ವಿನೋದಪ್ರಿಯನ ಕೋವಿ ಯಾವುದು ಎಂಬುದನ್ನು ಶಾಸನವೇ ಗೆರೆ ಎಳೆದು ತೋರಿಸಿದಂತಾಯಿತು.

ಕೊಡಗಿನ ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. 1861ರಲ್ಲಿ ಮಾರ್ಕ್ ಕಬ್ಬನ್ನನ ಪ್ರಕಟನೆಯಿಂದ ಕೊಡವರಿಗೆ ದೊರೆತ ವಿನಾಯಿತಿಯು ಮುಂದಿನ ಶಾಸನಗಳಲ್ಲಿಯೂ ಉಳಿದು, 2019ರಲ್ಲಿ 2029ರವರೆಗೆ ವಿಸ್ತರಿಸಲ್ಪಟ್ಟಿತು. ಪರವಾನಗಿಯ ತಡೆಯಿಲ್ಲದೆ ಕಾಫಿಯ ಹಣವೂ ಸೇರಿದ ಆ ನಾಡಿನಲ್ಲಿ ತೋಟೆಕೋವಿಯು ಮನೆಗಳನ್ನು ಪ್ರವೇಶಿಸಿತು. ಆದುದರಿಂದ ಬಯಲುಸೀಮೆಯ ರೈತನು ಹಳೆಯ ಕೋವಿಯನ್ನು ಅದರ ಗುಣಕ್ಕಾಗಿಯೇ ಉಳಿಸಿಕೊಂಡನೆಂದರೆ ಅತಿಶಯೋಕ್ತಿಯಾದೀತು. ಬರಿಯ ಅಜ್ಞಾನದಿಂದ ಉಳಿಸಿಕೊಂಡನೆನ್ನುವುದು ಅನ್ಯಾಯವಾದೀತು. ಕಾನೂನು ಬಿಟ್ಟ ಇಕ್ಕಟ್ಟಿನ ಜಾಗದಲ್ಲಿ ಅವನು ವಿವೇಕದಿಂದ ಆರಿಸಿದನೆಂಬುದೇ ನಮ್ಮ ಅಭಿಪ್ರಾಯ.

ಕೋವಿಯಿದ್ದವನು ಕ್ಷಾಮದಲ್ಲಿ ಬದುಕಿಕೊಂಡನೆಂಬ ಊಹೆಯೂ ಕೆಲವರಲ್ಲಿದೆ. ಇದನ್ನು ನಾವು ಒಪ್ಪಲಾರೆವು. ಮೈಸೂರಿನ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷವಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕಿಳಿಯಿತು. ನಡುವೆ ಸಂಭವಿಸಿದ್ದು 1876-78ರ ಕ್ಷಾಮ. ಕೆರೆ ಬತ್ತಿ ಹುಲ್ಲು ಒಣಗಿದ ಮೇಲೆ ಮೊಲವೂ ಕೌಜುಗವೂ ಎಲ್ಲಿಂದ ಬಂದಾವು? ಮದ್ದಿಗೂ ಸೀಸಕ್ಕೂ ಕಾಸು ಬೇಕು. ಉರುಲು, ಬಲೆಗಳಿಗೆ ಕಾಸು ಬೇಡ. ಹಸಿದವನ ಸಾಧನಗಳು ಅವು, ಕೋವಿಯು ಹೊಲವಿದ್ದವನದು. ಯುಗಾದಿಯ ಮರುದಿನದ ಹೊಸತೊಡಕಿನ ಬೇಟೆಯಲ್ಲಿ ಇವೆರಡು ವರ್ಗದವರೂ ಒಂದಾಗಿ ಹೊರಡುತ್ತಿದ್ದರೆಂಬುದು ಬೇರೆ ಮಾತು.

1972ರ ವನ್ಯಜೀವಿ ಶಾಸನವೂ ಅದರ 1991ರ ತಿದ್ದುಪಡಿಯೂ ಈ ಬೇಟೆಗೆ ತೆರೆ ಎಳೆದವು. ಈಗ ಹೊಲಕ್ಕೆ ಬಿದ್ದ ಹಂದಿಗೂ ಅಧಿಕಾರಿಯ ಅಪ್ಪಣೆಯಿಲ್ಲದೆ ಗುಂಡು ಹಾರಿಸುವಂತಿಲ್ಲ. ಇದು ಸರಿಯಾದುದೇ, ಆದರೆ ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಯು ಚುನಾವಣೆ ಬಂದಾಗ ಪೋಲೀಸು ಠಾಣೆಯಲ್ಲಿಯೂ ಉಳಿದ ದಿನಗಳಲ್ಲಿ ಗೋಡೆಯ ಮೇಲೆಯೂ ಇದ್ದು, ಆಯುಧಪೂಜೆಗೆ ಕೆಳಗಿಳಿಯುವ ವಸ್ತುವಾಗಿದೆ. ಅದನ್ನು ತುಂಬಬಲ್ಲ ಹಿರಿಯರು ವಿರಳರಾಗುತ್ತಿದ್ದಾರೆ. ಈಡು, ಚರೆ, ಗಜ, ಕುದುರೆ, ಕೇಪು ಎಂಬ ಮಾತುಗಳನ್ನು ಅವುಗಳ ಬಳಕೆಯೊಡನೆ ಅವರಿಂದಲೇ ಕೇಳಿ ಬರೆದುಕೊಳ್ಳುವ ಕೆಲಸವನ್ನು ಬೆಳ್ಳಾವಿ, ಗುಬ್ಬಿ, ಕುಣಿಗಲ್ಲುಗಳ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಕೈಕೊಳ್ಳಬಹುದು. ಹಳೆಯ ಪರವಾನಗಿ ಪುಸ್ತಕಗಳು ಮನೆಯಲ್ಲಿದ್ದರೆ ಅವುಗಳ ನಕಲನ್ನೂ ತರಬೇಕು.